ಬರೆದವರೇ ಓದುವಂತಿಲ್ಲ

ಚಂದನಾಳಿಗೆ ಮೊದಲು ಸಿಟ್ಟು ಬಂದದ್ದು ಒಂದು ವಾಕ್ಯದ ಮೇಲೆ. ಬರೆದವನ ಮೇಲೆ ಬಂದದ್ದು ಆಮೇಲೆ.

ವಾಕ್ಯ ಹೀಗಿತ್ತು: ‘ಎಳೆಯನ್ನು ಬಳಸಿ ಮಾಡಿದ್ದೆಲ್ಲವೂ ಎಲ್ಲರದು.’

ಎಳೆ ಎಂದರೆ ಒಂದು ಸಾಫ್ಟ್‌ವೇರ್. ದೊಡ್ಡಬಳ್ಳಾಪುರದ ಮಗ್ಗದ ಮನೆಯವರು ಕಂಪ್ಯೂಟರಿನಲ್ಲಿ ಒಂದು ಹೂವನ್ನೋ ನವಿಲನ್ನೋ ಬಿಡಿಸಿದರೆ, ಅದನ್ನು ಮಗ್ಗಕ್ಕೆ ತಿಳಿಯುವ ಹಾಗೆ ಚೌಕಚೌಕವಾಗಿ ಒಡೆದು ಕೊಡುತ್ತಿತ್ತು. ಯಾರೋ ಪುಣ್ಯಾತ್ಮ ಅದನ್ನು ಬರೆದು ಪುಕ್ಕಟೆಯಾಗಿ ಹಂಚಿದ್ದ. ಪುಕ್ಕಟೆ ಸಿಕ್ಕಿದ್ದನ್ನು ಬೆಂಗಳೂರಿನ ಯಾವುದೋ ಕಂಪನಿ ಎತ್ತಿಕೊಂಡು, ಹೆಸರು ಬದಲಾಯಿಸಿ, ಬೀಗ ಹಾಕಿ, ಅದೇ ನೇಕಾರರ ಬಾಗಿಲಿಗೇ ಮಾರಲು ಬಂತು. ಆಗ ಎಲ್ಲರೂ ಎಚ್ಚೆತ್ತರು. ಯಾರು ಹೇಗೆ ಬಳಸಬಹುದೆಂಬ ಷರತ್ತು ಹೇಳುವ ಲೈಸೆನ್ಸೊಂದು ಎಳೆಗೆ ಬೇಕು, ಅದು ಕನ್ನಡದಲ್ಲೇ ಬೇಕು ಎಂದು ತೀರ್ಮಾನವಾಯಿತು. ಇಂಗ್ಲಿಷಿನಲ್ಲಿ ಅಂಥ ಓಪನ್ ಸೋರ್ಸ್ ಲೈಸೆನ್ಸುಗಳು ಬೇಕಾದಷ್ಟಿವೆ, ನಿಜ. ಆದರೆ ಓದಲು ಬಾರದ ಕಾಗದಕ್ಕೆ ಸಹಿ ಹಾಕಿ ಹಾಕಿ ಆ ಬೀದಿಯ ಜನಕ್ಕೆ ಸಾಕುಸಾಕಾಗಿತ್ತು.

ಕರಡು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿತ್ತು. ಹೊಸಕೋಟೆಯವರು, ನೆಲಮಂಗಲದವರು, ಯಾರು ಬೇಕಾದರೂ ಪಕ್ಕದ ಅಂಚಿನಲ್ಲಿ ತಮ್ಮ ಮಾತು ಬರೆಯಬಹುದಿತ್ತು. ವಕೀಲರೊಬ್ಬರು ನೋಡಿದರೆ ಒಳ್ಳೆಯದೆಂದು ಬೀದಿಯವರು ಊರಿನ ಕೋರ್ಟಿಗೆ ಹೋದಾಗ, ಹಿರಿಯ ವಕೀಲ ಆದಿನಾರಾಯಣಪ್ಪನವರು, “ಫೀಸಿಲ್ಲದ ಕೆಲಸ, ನೀನ್ ನೋಡಮ್ಮ,” ಎಂದು ಜೂನಿಯರ್ ಕೈಗೆ ದಾಟಿಸಿದರು. ಜೂನಿಯರ್ ಎಂದರೆ ನಮ್ಮ ಚಂದನ.

ಅವಳು ಮೂರನೇ ಕಲಮಿಗೆ ಬಂದು ನಿಂತಳು. ಹಸಿರು ಅಕ್ಷರದಲ್ಲಿ ಬರೆದಳು: ‘ಈ ಕಲಮು ಬರೆದವರು ಸೀರೆ ನೇಯುವವರನ್ನು ಬಿಡಿ, ಉಡುವವರನ್ನೂ ನೋಡಿದಂತಿಲ್ಲ.’

ಸ್ವಲ್ಪ ಹೊತ್ತಿಗೆ ಕೆಳಗೆ ನೀಲಿ ಅಕ್ಷರ ಮೂಡಿತು: ‘ನಮ್ಮಮ್ಮ ಉಡ್ತಾರೆ. ನೋಡಿದೀನಿ.’

ಚಂದನಾಳ ಮೂಗು ಕೆಂಪಾಯಿತು. ‘ಹಾಗಾದರೆ ಭಾನುವಾರ ಸಭೆಗೆ ಬಂದು ವಾದ ಮಾಡಿ.’

‘ಬರ್ತೀನಿ. ವಾದ ಬರಲ್ಲ.’

ಈ ನೀಲಿಯವನ ಹೆಸರು ನಂದೀಶ್ ಎಂದಷ್ಟೇ ಅಲ್ಲಿ ಕಾಣುತ್ತಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ಚಂದನ ಅವನ ವಿರುದ್ಧ ಮನಸ್ಸಿನಲ್ಲೇ ಒಂದು ಇಡೀ ಕೇಸು ನಡೆಸಿ ಗೆದ್ದಳು.

ಸಭೆ ನಡೆಯುತ್ತಿದ್ದದ್ದು ಆದಿಲಕ್ಷ್ಮಮ್ಮನ ಮನೆಯ ಮಹಡಿಯಲ್ಲಿ. ಕೆಳಗೆ ಆಕೆಯ ಮಗ್ಗಗಳು ಖಟಖಟ ಎನ್ನುತ್ತಿದ್ದವು, ಮೇಲೆ ಚಾಪೆ ಹಾಸಿ ಹತ್ತಾರು ಜನ ಕೂರುತ್ತಿದ್ದರು. ಆದಿಲಕ್ಷ್ಮಮ್ಮ ಅರವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಗ್ಗಗಳನ್ನೂ ಬೀದಿಯನ್ನೂ ಒಟ್ಟಿಗೇ ಆಳುತ್ತಿದ್ದವರು. ಚಂದನ ಕಪ್ಪು ಕೋಟೊಂದನ್ನು ಬಿಟ್ಟು ಉಳಿದೆಲ್ಲ ಗಾಂಭೀರ್ಯವನ್ನೂ ಹೊತ್ತು ಮಹಡಿ ಹತ್ತಿದಳು. ಕಿಟಕಿಯ ಪಕ್ಕ, ಕೊರಳಲ್ಲಿ ಇನ್ನೂ ಏರ್‌ಪೋರ್ಟಿನ ಪಾಸು ನೇತಾಡುತ್ತಿದ್ದ ಒಬ್ಬ ಕೂತಿದ್ದ. ರಾತ್ರಿ ಪಾಳಿ ಮುಗಿಸಿ ನೇರ ಬಂದ ಹಾಗಿತ್ತು. ಅವಳನ್ನು ಕಂಡದ್ದೇ ಎದ್ದು ನಿಂತ. ಆಮೇಲೆ ಯಾಕೆ ಎದ್ದೆ ಎಂದು ಗೊತ್ತಾಗದೆ ಫ್ಯಾನಿನ ಸ್ವಿಚ್ ಒತ್ತಿ ಕೂತ.

“ಇವ್ನೇ ನಮ್ ನಂದೀಶ,” ಎಂದರು ಆದಿಲಕ್ಷ್ಮಮ್ಮ. “ಆವತಿಯೋನು. ಡಿಪ್ಲೊಮಾ ಓದುವಾಗ ಇದೇ ರೂಮಲ್ಲಿ ಬಾಡಿಗೆಗಿದ್ದ. ನನ್ ಮಗ್ಗ ನೋಡ್ಕೊಂಡೇ ಎಳೆ ಬರ್ದ. ಈಗ ಏರ್‌ಪೋರ್ಟಲ್ಲಿ ಬ್ಯಾಗ್ ಬರೋ ಬೆಲ್ಟ್ ರಿಪೇರಿ ಮಾಡ್ತಾನೆ.”

ಆ ಪುಣ್ಯಾತ್ಮ ಇವನೇ ಎಂದು ಚಂದನಾಳಿಗೆ ಆಗ ತಿಳಿಯಿತು. ಗೆದ್ದ ಕೇಸು ಸ್ವಲ್ಪ ಅಲ್ಲಾಡಿತು.

ಆ ಸಭೆಗೊಂದು ವಿಚಿತ್ರ ಕಟ್ಟಳೆ ಇತ್ತು. ಕಲಮು ಬರೆದವರೇ ಅದನ್ನು ಓದುವಂತಿರಲಿಲ್ಲ. ಬರೆದವರು ಓದಿದರೆ ಮನಸ್ಸಿನಲ್ಲಿದ್ದದ್ದನ್ನು ಓದುತ್ತಾರೆ, ಬೇರೆಯವರು ಓದಿದರೆ ಹಾಳೆಯಲ್ಲಿದ್ದದ್ದನ್ನು ಓದುತ್ತಾರೆ ಎಂಬುದು ಆದಿಲಕ್ಷ್ಮಮ್ಮನ ನ್ಯಾಯ. ಕೇಳಿದವರಲ್ಲಿ ಒಬ್ಬರಿಗೆ ಅರ್ಥವಾಗದಿದ್ದರೂ ಕಲಮು ವಾಪಸ್ಸು. ಜೊತೆಗೆ, ತಕರಾರು ತೆಗೆದವರು ಸುಮ್ಮನೆ ಮನೆಗೆ ಹೋಗುವಂತಿಲ್ಲ. ಬದಲಿ ಕಲಮನ್ನು ತಾವೇ ಬರೆದುಕೊಡಬೇಕು.

ಮೂರನೇ ಕಲಮನ್ನು ಚಂದನಾಳ ಕೈಗೆ ಕೊಟ್ಟರು. ಅವಳು ಸಾಕ್ಷಿಯನ್ನು ಕಟಕಟೆಗೆ ಕರೆಯುವವರ ಹಾಗೆ ಓದಿ, ಆದಿಲಕ್ಷ್ಮಮ್ಮನ ಕಡೆ ತಿರುಗಿದಳು.

“ಮದುವೆ ಸೀಸನ್ನಿಗೆ ಅಂತ ನೀವು ಸೀರೆಗೆ ಹಾಕೋ ಒಂದು ಬುಟ್ಟಾ ಡಿಸೈನು ಯಾರಿಗೂ ತೋರಿಸ್ದೆ ಇಟ್ಕೊಂಡಿದೀರಂತೆ. ಎಳೆಯಲ್ಲೇ ಮಾಡಿದ್ದಾ?”

“ಹ್ಞೂಂ ಕಣಮ್ಮ. ನವಿಲು.”

“ಈ ಕಲಮಿನ ಪ್ರಕಾರ ಆ ನವಿಲು ನಾಳೆಯಿಂದ ಎಲ್ಲರದು.”

ಆದಿಲಕ್ಷ್ಮಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. “ಲೋ ನಂದೀಶ, ನನ್ ನವಿಲನ್ನ ಊರಿಗೆಲ್ಲ ಹಂಚ್‌ಬಿಟ್ಯಲ್ಲೋ.”

ಜನ ನಕ್ಕರು. ನಂದೀಶನ ಕಿವಿಗಳು ಎರಡೂ ಕೆಂಪಾದವು. ಅವನು ವಾದಿಸಲಿಲ್ಲ, ಸಮರ್ಥಿಸಿಕೊಳ್ಳಲಿಲ್ಲ. ಅವಳನ್ನೇ ನೇರವಾಗಿ ನೋಡಿ, “ತಪ್ಪಾಯ್ತು,” ಎಂದ. ಅಷ್ಟೇ. ವಕೀಲಿ ವೃತ್ತಿಯಲ್ಲಿ ಚಂದನ ಆ ಮಾತನ್ನು ಗಂಡಸಿನ ಬಾಯಿಂದ ಕೇಳಿದ್ದು ಕಡಿಮೆ. ಎದುರಾಳಿ ಹೀಗೆ ಒಂದೇ ಮಾತಿಗೆ ಶರಣಾದರೆ ಗೆದ್ದವರು ಏನು ಮಾಡಬೇಕು ಎಂದು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ.

ಅಲ್ಲೇ ಕೂತು ಬದಲಿ ಬರೆದಳು. ಕಟ್ಟಳೆಯಂತೆ ಓದುವ ಸರದಿ ನಂದೀಶನದು.

“ಸಾಧನವು ಎಲ್ಲರದು. ಅದರಿಂದ ಅರಳಿದ ಹೂವು, ಅರಳಿಸಿದ ಕೈಯವರದು.”

ಅಂಥ ದನಿ ಆ ಮೂಕಪ್ಪನಿಗೆ ಎಲ್ಲಿತ್ತೋ. ಆತುರವಿಲ್ಲದ, ಪ್ರತಿ ಪದಕ್ಕೂ ಜಾಗ ಮಾಡಿಕೊಡುವ ದನಿ. ಚಂದನ ಬರೆದದ್ದು ಕಾನೂನು. ಅವನ ಬಾಯಿಂದ ಹೊರಬಂದಾಗ ಅದು ಯಾರೋ ಯಾರಿಗೋ ಕೊಟ್ಟ ಮಾತಿನ ಹಾಗಿತ್ತು. ಓದಿ ಮುಗಿಸಿ ಅವನು ತಲೆಯೆತ್ತಿದ, ಅವಳು ತಲೆ ತಗ್ಗಿಸಿದಳು. ತಗ್ಗಿಸುವಂಥದ್ದು ಏನಿತ್ತು ಎಂದು ಬಸ್ಸಿನಲ್ಲಿ ಮನೆಗೆ ಹೋಗುವವರೆಗೂ ಯೋಚಿಸಿದಳು.

ಆಮೇಲಿನ ಭಾನುವಾರಗಳಲ್ಲಿ ಒಂದು ಬದಲಾವಣೆ ಆಯಿತು. ಚಂದನಾಳ ಕಲಮುಗಳು ಉದ್ದವಾಗತೊಡಗಿದವು.

‘ಬಳಸಬಹುದು’ ಎಂದರೆ ಸಾಕಿದ್ದ ಕಡೆ ‘ಬಳಸಬಹುದು, ಬಳಸುವುದನ್ನು ಕಲಿಸಬಹುದು, ಕಲಿತವರು ಮತ್ತೊಬ್ಬರಿಗೆ ಕಲಿಸಬಹುದು’ ಎಂದು ಬರೆದಳು. ಒಂದು ಅಲ್ಪವಿರಾಮ ಹೆಚ್ಚು ಹಾಕಿದರೆ ಅವನು ಒಂದು ಉಸಿರು ಹೆಚ್ಚು ಓದುತ್ತಾನೆ. ಅವನು ‘ಮತ್ತು’ ಎನ್ನುವಾಗ ಕೊನೆಯಲ್ಲಿ ತುಟಿ ಸ್ವಲ್ಪ ಮುಂದೆ ಬರುತ್ತಿತ್ತು. ಅದಕ್ಕಾಗಿ ಅವಳು ಎಲ್ಲೆಲ್ಲಿ ‘ಮತ್ತು’ ತುರುಕಿದಳೋ ದೇವರೇ ಬಲ್ಲ. ಸಾರ್ವಜನಿಕ ಹಿತಕ್ಕಾಗಿ ಬರೆಯುವ ಲೈಸೆನ್ಸನ್ನು ಹೀಗೆ ಸ್ವಂತ ಸುಖಕ್ಕೆ ಹಿಗ್ಗಿಸುವುದು ಸರಿಯೇ ಎಂದು ನೀವು ಕೇಳಬಹುದು. ಅವಳೂ ತನ್ನನ್ನು ಕೇಳಿಕೊಂಡಳು. ಕೇಳಿಕೊಂಡು ಇನ್ನೊಂದು ‘ಮತ್ತು’ ಸೇರಿಸಿದಳು.

“ಏನಮ್ಮ ಲಾಯರಮ್ಮ,” ಎಂದರು ಆದಿಲಕ್ಷ್ಮಮ್ಮ ಒಂದು ದಿನ, “ಇದು ಕಲಮೋ ಸೆರಗೋ? ಮುಗಿಯೋದೇ ಇಲ್ವಲ್ಲ.”

ನಂದೀಶ್ ಹಾಳೆಯಿಂದ ಕಣ್ಣೆತ್ತಲಿಲ್ಲ. “ಪರ್ವಾಗಿಲ್ಲಮ್ಮ,” ಎಂದ. “ಚೆನ್ನಾಗಿದೆ. ಇನ್ನೊಂದ್ಸಲ ಓದ್ಲಾ?”

ಓದಿದ. ಯಾರಿಗೂ ಅದು ಬೇಕಿರಲಿಲ್ಲ, ಇಬ್ಬರಿಗೆ ಬಿಟ್ಟು.

ಅತಿ ಕಷ್ಟ ಕೊಟ್ಟದ್ದು ಆರನೇ ಕಲಮು. ಎಳೆಯನ್ನು ಪಡೆದು ತಿದ್ದಿ ಚೆಂದ ಮಾಡಿದವರು ಆ ತಿದ್ದುಪಡಿಯನ್ನೂ ಎಲ್ಲರಿಗೂ ಕೊಡಬೇಕು ಎಂಬುದು. ಇದನ್ನು ಹೇಗೆ ಬರೆದರೂ ಯಾರಾದರೊಬ್ಬರು ಅರ್ಥವಾಗಲಿಲ್ಲ ಎನ್ನುತ್ತಿದ್ದರು. ಕೊನೆಗೆ ಆದಿಲಕ್ಷ್ಮಮ್ಮ ಬಾಯಿ ಹಾಕಿದರು. “ಹೆಪ್ಪು ಇದ್ದಂಗೆ ಕಣ್ರಪ್ಪ. ಇಸ್ಕೊಂಡೋಳು ಮೊಸರು ಮಾಡ್ಕೊಳ್ಲಿ, ಮಜ್ಜಿಗೆ ಮಾಡಿ ಮಾರ್ಲಿ, ಅವಳಿಷ್ಟ. ಆದ್ರೆ ಪಕ್ಕದ ಮನೆಯೋಳು ಬಟ್ಲು ಹಿಡ್ಕೊಂಡು ಬಂದ್ರೆ ಇಲ್ಲ ಅನ್ನಂಗಿಲ್ಲ.” ಚಂದನ ಅದನ್ನೇ ಲೈಸೆನ್ಸಿಗೆ ಇಳಿಸಿದಳು, ಹೆಪ್ಪಿನ ಸಮೇತ. ಒಬ್ಬರೂ ಅರ್ಥವಾಗಲಿಲ್ಲ ಎನ್ನಲಿಲ್ಲ.

ಒಂಬತ್ತನೆಯದು ಮಾತ್ರ ಪೂರ್ತಿ ಅವಳದೇ ಬುದ್ಧಿ. ಜನ ಕರಡು ಓದುತ್ತಿದ್ದರು, ಆದರೆ ಒಪ್ಪಿಗೆ ಎಂದು ಬರೆಯಲು ಸೋಮಾರಿತನ. ಹಾಗಾಗಿ ಬರೆದಳು: ‘ಯಾವುದೇ ಹೊಸ ಕಲಮನ್ನು ಕರಡಿನಲ್ಲಿಟ್ಟ ಮೇಲೆ ಒಂದು ವಾರದೊಳಗೆ ಯಾರೂ ತಕರಾರು ಹೇಳದಿದ್ದಲ್ಲಿ, ಆ ಮೌನವನ್ನು ಒಪ್ಪಿಗೆಯೆಂದೇ ತಿಳಿಯತಕ್ಕದ್ದು.’

“ಇದು ಭಾಳ ಚೆನ್ನಾಗಿದೆ,” ಎಂದ ನಂದೀಶ್.

“ಯಾಕೆ?”

“ಮಾತಾಡೋ ಕೆಲ್ಸ ಇಲ್ಲ.”

ಅವತ್ತು ಅವಳ ಬಸ್ಸು ತಪ್ಪಿತ್ತು. ಅವನು ಬೈಕಿನಲ್ಲಿ ಬಿಡುತ್ತೇನೆಂದ. ದಾರಿಯಲ್ಲಿ, ಊರು ದಾಟಿದ ಮೇಲೆ, ಗಾಡಿ ನಿಲ್ಲಿಸಿ ಮೇಲೆ ನೋಡು ಎನ್ನುವಂತೆ ಕೈ ತೋರಿಸಿದ. ದೇವನಹಳ್ಳಿಯ ಕಡೆಗೆ ಒಂದು ವಿಮಾನ ಚಕ್ರ ಚಾಚಿಕೊಂಡು ಇಳಿಯುತ್ತಿತ್ತು. ಅಲ್ಲಿ ಎರಡನೇ ರನ್‌ವೇ ಹಾಕುತ್ತಿದ್ದ ಕಾಲ ಅದು, ದೂರದಲ್ಲಿ ಕೆಂಪು ಧೂಳು ಎದ್ದಿತ್ತು.

“ಗಲ್ಫ್ ಫ್ಲೈಟು,” ಎಂದ. “ಬ್ಯಾಗಿಗೆಲ್ಲ ಹಗ್ಗ ಕಟ್ಟಿರ್ತಾರೆ. ಹೆಂಡ್ರು ಮಕ್ಳಿಗೆ ತಂದಿರ್ತಾರಲ್ಲ, ಬಿಚ್ಕೊಂಡ್ಬಿಡುತ್ತೆ ಅಂತ ಭಯ. ಬೆಲ್ಟ್ ಮೇಲೆ ಬರೋವಾಗ ಆ ಬ್ಯಾಗ್‌ಗಳು ಸಿಕ್ಕಾಕೊಂಡ್ರೆ ನಾನು ಮೊದ್ಲು ಓಡೋದು.”

ಅವನು ತನ್ನದೇ ಮಾತಾಗಿ ಅಷ್ಟು ಉದ್ದ ಹೇಳಿದ್ದು ಅದೇ ಮೊದಲು. ಚಂದನ ಉಸಿರು ಬಿಗಿಹಿಡಿದು ಕಾದಳು. ಅವನೂ ಇನ್ನೇನೋ ಹೇಳಲು ಅವಳ ಕಡೆ ತಿರುಗಿದ. ತುಟಿ ಅಲ್ಲಾಡಿತು. ಗಾಳಿಗೆ ಅವಳ ಕೂದಲು ಮುಖದ ಮೇಲೆ ಬಂತು, ಅವನ ಕಣ್ಣು ಆ ಕೂದಲನ್ನೇ ಹಿಂಬಾಲಿಸಿ ಕಿವಿಯವರೆಗೆ ಹೋಯಿತು, ಅಲ್ಲೇ ನಿಂತಿತು.

“ಹೆಲ್ಮೆಟ್,” ಎಂದ ಕೊನೆಗೆ. “ಸರಿಯಾಗಿ ಹಾಕ್ಕೊಳಿ.”

ಚಂದನಾಳಿಗೆ ಆ ಹೆಲ್ಮೆಟ್ಟನ್ನು ಅವನ ತಲೆಗೇ ಕುಕ್ಕಬೇಕೆನಿಸಿತು. ಆದರೆ ಮನೆ ಬರುವವರೆಗೂ ನಗುತ್ತಲೇ ಇದ್ದಳು. ಅವನಿಗೆ ಕಾಣದ ಹಾಗೆ, ಅವನ ಬೆನ್ನ ಹಿಂದೆ.

ಸಂಕ್ರಾಂತಿ ಕಳೆಯಿತು. ಕಳೆದದ್ದೇ ತಡ, ಮನೆಯಲ್ಲಿ ಗಂಡಿನ ಮಾತು ಬಂತು.

ಚಂದನಾಳ ಅಪ್ಪ ನರಸಿಂಹಯ್ಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಮ್ಮ ಮುನಿತಾಯಮ್ಮ. ಇಬ್ಬರೂ ಮಗಳನ್ನು ಸಾಲ ಸೋಲ ಲೆಕ್ಕಿಸದೆ ಓದಿಸಿದವರು, ಕೋರ್ಟಿನಲ್ಲಿ ಅವಳು ಮಾತಾಡುವುದನ್ನು ನೋಡಲು ಒಮ್ಮೆ ಕದ್ದು ಹೋಗಿ ಹಿಂದಿನ ಬೆಂಚಿನಲ್ಲಿ ಕೂತವರು. ಗಂಡು ನೆಲಮಂಗಲದ ಕಡೆಯವನು, ಹೆಸರು ಮೂರ್ತಿ, ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಆ ವಾರವಿಡೀ ಮನೆ ತುಂಬ ನೆಂಟರು, ಬಾಗಿಲಿಗೆ ಬಣ್ಣ, ಹಿತ್ತಲಿಗೆ ಸಗಣಿ ನೀರು. ಚಂದನಾಳಿಗೆ ಕರಡಿನ ಮುಖ ನೋಡಲೂ ಆಗಲಿಲ್ಲ.

ಶನಿವಾರ ಅವರು ಬಂದರು. ಹುಡುಗನಲ್ಲಿ ಹೇಳಿಕೊಳ್ಳುವಂಥ ಕೊರತೆ ಏನೂ ಇರಲಿಲ್ಲ. ಕಾಫಿಯನ್ನು ಸದ್ದು ಮಾಡದೆ ಕುಡಿದ. ಅದೇ ತೊಂದರೆ. ಕೊರತೆಯಿದ್ದಿದ್ದರೆ ಅದನ್ನು ಹಿಡಿದು ವಾದಿಸಬಹುದಿತ್ತು.

ಕೊನೆಗೆ ದೊಡ್ಡಪ್ಪ ಎಲ್ಲರ ಮುಂದೆ ಕೇಳಿದರು. “ಏನಮ್ಮ ಚಂದು, ಒಪ್ಪಿಗೆನಾ?”

ಒಲ್ಲೆ ಎಂದರೆ ಕಾರಣ ಕೇಳುತ್ತಾರೆ. ಕಾರಣದ ಹೆಸರು ನಂದೀಶ್. ಆ ಕಾರಣವೇ ಇಷ್ಟು ದಿನವಾದರೂ ಬಾಯಿ ಬಿಟ್ಟಿರಲಿಲ್ಲ. ಹೆಲ್ಮೆಟ್ ಸರಿಯಾಗಿ ಹಾಕಿಕೊಳ್ಳಿ ಎಂದವನನ್ನು ನಂಬಿ ಇಷ್ಟು ಜನರೆದುರು ಏನೆಂದು ಹೇಳುವುದು? ಊರಿನ ಜಗಳಕ್ಕೆಲ್ಲ ಬಾಯಾಗುವ ಚಂದನಾಳ ನಾಲಿಗೆ ಅವತ್ತು ಅಂಗುಳಕ್ಕೆ ಅಂಟಿಕೊಂಡಿತು. ಅವಳು ನೆಲ ನೋಡಿದಳು.

“ಹೆಣ್ಮಕ್ಳು ಸುಮ್ನಿದ್ರೆ ಒಪ್ಪಿದಂಗೇ,” ಎಂದು ದೊಡ್ಡಪ್ಪ ತೊಡೆ ತಟ್ಟಿದರು. “ಮೌನಂ ಸಮ್ಮತಿ ಲಕ್ಷಣಂ. ಶುಕ್ರವಾರ ಒಪ್ಪಿಗೆ ಶಾಸ್ತ್ರ ಇಟ್ಕೊಂಡ್ಬಿಡಾಣ.”

ಎಲ್ಲರೂ ನಕ್ಕರು, ಬಾಳೆಹಣ್ಣು ಹಂಚಿದರು. ಶುಕ್ರವಾರ ಶಾಸ್ತ್ರವಾದರೆ ಮುಗಿಯಿತು, ಆಮೇಲೆ ಹಿಂದಕ್ಕೆ ಬರುವ ದಾರಿಯಿಲ್ಲ. ಚಂದನ ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತಳು. ಮೌನವನ್ನು ಒಪ್ಪಿಗೆಯೆಂದೇ ತಿಳಿಯತಕ್ಕದ್ದು. ಯಾವ ಮಹಾನುಭಾವಿ ಬರೆದದ್ದು ಇದನ್ನು? ತಾನೇ.

ಮರುದಿನ ಬೆಳಿಗ್ಗೆ ಅವಳು ಆದಿಲಕ್ಷ್ಮಮ್ಮನ ಮಹಡಿ ಹತ್ತಿದ್ದು ಒಂಬತ್ತನೇ ಕಲಮನ್ನು ಬೇರುಸಹಿತ ಕೀಳಲು. ಅವಳ ಕೈಲಿದ್ದದ್ದು ಅದೊಂದೇ. ಮದುವೆಯನ್ನು ಹೇಗೆ ತಡೆಯುವುದೋ ತಿಳಿಯದು, ಕಲಮನ್ನಾದರೂ ತಡೆಯಬೇಕು.

ಆದರೆ ಅಲ್ಲಿ ಗಾಳಿಯೇ ಬೇರೆ ಇತ್ತು. ಎಲ್ಲರೂ ಅವಳನ್ನು ನೋಡಿ ಮುಖ ತಿರುಗಿಸಿಕೊಂಡು ನಗುತ್ತಿದ್ದರು. ನಂದೀಶ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಪಾಸು ಇರಲಿಲ್ಲ, ಮುಖ ಹಬ್ಬದ ಮನೆಯ ಹಾಗೆ ಬೆಳಗುತ್ತಿತ್ತು.

“ಮೊದ್ಲು ಹೊಸ ಕಲಮೊಂದಿದೆ,” ಎಂದರು ಆದಿಲಕ್ಷ್ಮಮ್ಮ, ಹಾಳೆ ಚಾಚುತ್ತಾ. “ನೀನೇ ಓದ್ಬೇಕು ಚಂದನಮ್ಮ.”

ಚಂದನ ಎಂದಿನ ಕೋರ್ಟಿನ ದನಿಯಲ್ಲಿ ಓದತೊಡಗಿದಳು. “ಕಲಮು ಹನ್ನೊಂದು. ಈ ಲೈಸೆನ್ಸನ್ನು ಬರೆದವರಲ್ಲಿ, ಹಸಿರು ಅಕ್ಷರದವರೂ ನೀಲಿ ಅಕ್ಷರದವರೂ, ಬರೆಯುವ ಕೆಲಸ ಮುಗಿದ ಮೇಲೂ, ಪ್ರತಿ ಭಾನುವಾರ, ಮತ್ತು ಉಳಿದ ದಿನಗಳಲ್ಲೂ, ಒಂದೇ ಮನೆಯಲ್ಲಿ ಕೂತು ಜಗಳವಾಡತಕ್ಕದ್ದು. ಮತ್ತು ಒಬ್ಬರು ಬರೆದದ್ದನ್ನು ಇನ್ನೊಬ್ಬರು...”

ದನಿ ಅಲ್ಲಿಗೆ ನಿಂತಿತು. ಎರಡು ‘ಮತ್ತು’ಗಳಿದ್ದವು. ಅವನಿಗೆ ಎಲ್ಲ ಗೊತ್ತಿತ್ತು, ಮೊದಲಿನಿಂದಲೂ.

“ಮುಂದೆ ಓದಮ್ಮ.”

“...ಇನ್ನೊಬ್ಬರು ಓದತಕ್ಕದ್ದು. ಕಾಲಮಿತಿ: ಇಲ್ಲ.”

“ಹೋದ ಭಾನುವಾರ ಸಭೆ ಮುಗಿದ್ಮೇಲೆ ಇಟ್ಟಿದ್ದು,” ಎಂದರು ಆದಿಲಕ್ಷ್ಮಮ್ಮ. “ಹೊಸಕೋಟೆಯಿಂದ ನೆಲಮಂಗಲದವರ್ಗೂ ಎಲ್ರೂ ಓದಿದಾರೆ. ಒಬ್ರೂ ತಕರಾರಿಲ್ಲ. ಲಾಯರಮ್ಮನೂ ವಾರ ಪೂರ್ತಿ ಸುಮ್ನಿದ್ರು. ಪಾಸಾಯ್ತು ಅನ್ನೋಣ್ವಾ?”

ಚಪ್ಪಾಳೆ ಬಿತ್ತು. ಚಂದನಾಳಿಗೆ ಒಂದೇ ಕ್ಷಣದಲ್ಲಿ ಆಕಾಶದಷ್ಟು ಸಂತೋಷವೂ ಅದರ ದುಪ್ಪಟ್ಟು ಸಿಟ್ಟೂ ಬಂತು.

“ನಂದು ತಕರಾರಿದೆ,” ಎಂದು ಹಾಳೆಯನ್ನು ಚಾಪೆಯ ಮೇಲಿಟ್ಟು ಮೆಟ್ಟಿಲಿಳಿದು ಹೋದಳು.

ಕೆಳಗೆ ಮಗ್ಗಗಳು ಮದುವೆ ಸೀಸನ್ನಿನ ಆರ್ಡರಿಗೆ ಬಿಡುವಿಲ್ಲದೆ ಓಡುತ್ತಿದ್ದವು. ಆ ಸದ್ದಿನಲ್ಲಿ ಪಕ್ಕದವರಿಗೆ ಮಾತು ಮುಟ್ಟಬೇಕಾದರೂ ಕೂಗಬೇಕು. ಬಾಗಿಲು ತಲುಪುವ ಮೊದಲೇ ನಂದೀಶ್ ಎದುರು ಬಂದು ನಿಂತ. ಹಬ್ಬದ ಕಳೆ ಇಳಿದುಹೋಗಿತ್ತು.

“ಒಂದ್ ವಾರ ಸುಮ್ನಿದ್ರಲ್ಲ,” ಎಂದು ಕೂಗಿದ. “ಒಪ್ಕೊಂಡ್ರಿ ಅನ್ಕೊಂಡೆ. ನಮ್ಮಮ್ಮಂಗೂ ಹೇಳ್ಬಿಟ್ಟೆ.”

“ನಾನ್ ನೋಡೇ ಇಲ್ಲ ಕಣ್ರೀ,” ಅವಳೂ ಕೂಗಿದಳು. “ನಿನ್ನೆ ನನ್ನ ನೋಡಕ್ಕೆ ಬಂದಿದ್ರು.”

“ಏನು?”

“ಗಂಡಿನ ಕಡೆಯೋರು. ಅಲ್ಲೂ ಸುಮ್ನಿದ್ದೆ. ಅವ್ರೂ ಒಪ್ಪಿಗೆ ಅಂತ ಹೋದ್ರು, ನೀವೂ ಒಪ್ಪಿಗೆ ಅಂತೀರ. ಬಾಯಿ ತೆಗೀದೆ ಇಬ್ರಿಗೆ ಹ್ಞೂಂ ಅಂದಿದೀನಿ ನಾನು.”

ಅವನಿಗೆ ಎಲ್ಲವೂ ಕೇಳಿಸಲಿಲ್ಲ. ಆದರೆ ಮಗ್ಗದ ಮನೆಯಲ್ಲಿದ್ದವನು, ತುಟಿ ನೋಡಿ ಮಾತು ಹಿಡಿಯುವುದು ಗೊತ್ತು. ಗಂಡಿನ ಕಡೆ ಎಂಬ ಮಾತು ಹಿಡಿದ. ಅವನ ಮುಖ ಸೋತುಹೋಯಿತು.

“ಹಂಗಾದ್ರೆ ಬಿಡಿ,” ಎಂದ. “ಕಲಮು ಅಳಿಸ್ಬಿಡ್ತೀನಿ.” ತಿರುಗಿ ಮೆಟ್ಟಿಲ ಕಡೆಗೆ ನಡೆದ.

ಅಳಿಸುತ್ತಾನಂತೆ. ಚಂದನಾಳಿಗೆ ರೇಗಿಹೋಯಿತು. ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ಮುಷ್ಟಿ ತುಂಬ ಹಿಡಿದು ಎಳೆದಳು. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ಕೂಗಿದಳು, “ಅಳಿಸಿ ಅಂತ ಯಾರಂದ್ರು? ನೀವು ಕೇಳಿದ್ರೆ ನಾನು...”

ಅಷ್ಟರಲ್ಲಿ ಕರೆಂಟ್ ಹೋಯಿತು. ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತವು. ಕೂಗಿನ ವೇಗದಲ್ಲಿದ್ದ ಚಂದನಾಳಿಗೆ ಮಾತ್ರ ನಿಲ್ಲಲಾಗಲಿಲ್ಲ.

“...ಮದ್ವೆ ಆಗ್ತೀನಿ ಕಣ್ರೀ. ಆದ್ರೆ ಬಾಯ್ಬಿಟ್ಟು ಕೇಳ್ಬೇಕು.”

ಮಾತು ಮಗ್ಗದ ಮನೆ ದಾಟಿ, ಜಗುಲಿ ದಾಟಿ, ಎದುರು ಸಾಲಿನ ಮನೆಗಳಿಗೂ ಮುಟ್ಟಿತು. ಮೂರನೇ ಮಗ್ಗದ ಮುತ್ಯಾಲಮ್ಮ ಕಡಿದ ಎಳೆಯನ್ನು ಬೆರಳಲ್ಲಿ ಹಿಡಿದು ಹಾಗೇ ಕೂತಿದ್ದಳು. ಮೆಟ್ಟಿಲ ಮೇಲೆ ಸಭೆಗೆ ಸಭೆಯೇ ನಿಂತಿತ್ತು. ಬೀದಿಯಲ್ಲಿ ಸೈಕಲ್ಲೊಂದು ನಿಂತ ಸದ್ದೂ ಕೇಳಿಸಿತು. ಚಂದನ ಹಿಡಿದ ತೋಳನ್ನು ಬಿಡುವುದನ್ನೇ ಮರೆತಳು.

ಈಗ ಅವನ ಸರದಿ. ಓದಲು ಕೈಯಲ್ಲಿ ಏನೂ ಇರಲಿಲ್ಲ.

“ನೀವು ಬರ್ದಿದ್ದಾದ್ರೆ ಚೆನ್ನಾಗಿ ಓದ್ತೀನಿ,” ಎಂದ ನಂದೀಶ್. “ಇದನ್ನ ಯಾರೂ ಬರ್ದ್‌ಕೊಟ್ಟಿಲ್ಲ. ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಬೇಜಾರು ಮಾಡ್ಕೋಬೇಡಿ.” ಅವಳ ಕಡೆ ನೇರ ತಿರುಗಿದ. “ಚಂದನ, ನಂಗೆ ನೀವಂದ್ರೆ ಇಷ್ಟ. ಮೊದಲ್ನೇ ದಿನ ಬೈದ್ರಲ್ಲ, ಅವತ್ತಿಂದ್ಲೇ. ನೈಟ್ ಶಿಫ್ಟ್‌ಲಿ ಬೆಲ್ಟ್ ಪಕ್ಕ ಕೂತ್ಕೊಂಡು ನಿಮ್ ಕಲಮು ಓದ್ಕೋತೀನಿ. ನನ್ನ ಮದ್ವೆ ಆಗ್ತೀರಾ? ಯೋಚ್ನೆ ಮಾಡಿ ಹೇಳಿ. ಸುಮ್ನಿದ್ರೆ ಇಲ್ಲ ಅಂತ್ಲೇ ತಿಳ್ಕೋತೀನಿ.”

ಚಂದನ ಬೇಕೆಂದೇ ಸ್ವಲ್ಪ ಹೊತ್ತು ಅವನನ್ನು ನೋಡಿದಳು. ಅಷ್ಟು ಕಾಯಿಸಿದವನಿಗೆ ಅಷ್ಟಾದರೂ ಬೇಡವೇ? ಅವನ ಹಣೆಯ ಮೇಲೆ ಬೆವರಿನ ಹನಿ ಮೂಡಿ ಹುಬ್ಬಿನವರೆಗೆ ಇಳಿಯಿತು.

“ಆಗ್ತೀನಿ,” ಎಂದಳು. ಈ ಸಲ ಮೆಲ್ಲಗೆ. ಆದರೂ ಎಲ್ಲರಿಗೂ ಕೇಳಿಸಿತು.

ಮುತ್ಯಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದಿಲಕ್ಷ್ಮಮ್ಮ ಮೆಟ್ಟಿಲ ಮೇಲಿಂದಲೇ, “ಒಂಬತ್ತನೇ ಕಲಮು ಇವತ್ತೇ ತೆಗೆದಾಕಿ,” ಎಂದು ಅಪ್ಪಣೆ ಕೊಟ್ಟು, ಚಂದನಾಳ ಕಡೆ ತಿರುಗಿದರು. “ನೀನ್ ಮೊದ್ಲು ಮನೇಗ್ ಹೋಗು. ಬೀದೀಲಿ ಹೇಳಿದ್ದು ಮನೇಲಿ ಲೆಕ್ಕಕ್ಕಿಲ್ಲ.”

ಬೈಕಿನಲ್ಲಿ ಇಬ್ಬರೂ ಚಂದನಾಳ ಮನೆಗೆ ಬರುವಷ್ಟರಲ್ಲಿ ಮುತ್ಯಾಲಮ್ಮನ ಫೋನು ಅವರಿಗಿಂತ ಮುಂದೆ ಬಂದಿತ್ತು. ನಂದೀಶನನ್ನು ಗೇಟಿನ ಹೊರಗೆ ಬೈಕಿನ ಪಕ್ಕ ನಿಲ್ಲಿಸಿ ಚಂದನ ಒಬ್ಬಳೇ ಒಳಗೆ ಹೋದಳು. ಅಮ್ಮ ಪಡಸಾಲೆಯಲ್ಲಿ ಅವರೆಕಾಳು ಹಿದುಕುತ್ತಿದ್ದರು. ಅಪ್ಪ ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದರು.

“ಅಪ್ಪ, ನಂಗೆ ನಿನ್ನೆ ಬಂದಿದ್ರಲ್ಲ, ಅವ್ರನ್ನ ಮದ್ವೆ ಆಗಕ್ಕೆ ಒಪ್ಪಿಗೆ ಇಲ್ಲ.”

“ನಿನ್ನೆ ಬಾಯಿಗೇನಾಗಿತ್ತು?” ಅಪ್ಪನ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. “ಊರೋರ ಪರವಾಗೆಲ್ಲ ಮಾತಾಡೋಳು ನೀನು.”

“ತಪ್ಪು ನಂದೇ. ಹೇಳ್ಬೇಕಿತ್ತು, ಹೇಳ್ಲಿಲ್ಲ. ಆದ್ರೆ ಕೇಳಿದ್ದೂ ದೊಡ್ಡಪ್ಪ, ಉತ್ರ ಹೇಳಿದ್ದೂ ದೊಡ್ಡಪ್ಪನೇ ಅಲ್ವಾಪ್ಪ?”

“ಅವ್ರಿಗೆ ಏನಂತ ಮುಖ ತೋರಿಸ್ಲಿ?”

“ನೀವ್ ತೋರಿಸ್ಬೇಡಿ. ನಾನೇ ಮಾತಾಡ್ತೀನಿ.”

ಅಪ್ಪನ ಮುಂದೆಯೇ ಮೂರ್ತಿಗೆ ಫೋನ್ ಹಚ್ಚಿದಳು. ಸುತ್ತುಬಳಸದೆ ಹೇಳಿ, ಕ್ಷಮೆ ಕೇಳಿದಳು. “ಬೇಜಾರೇನೋ ಆಯ್ತು ಮೇಡಂ, ಸುಳ್ಳು ಹೇಳಲ್ಲ,” ಎಂದಿತು ಆ ಕಡೆಯ ದನಿ. “ಆದ್ರೆ ಶುಕ್ರವಾರಕ್ಕೆ ಮುಂಚೆ ನೀವೇ ಹೇಳಿದ್ರಲ್ಲ, ಅದು ಒಳ್ಳೇದಾಯ್ತು. ನಮ್ಮನೇಲಿ ನಾನ್ ಹೇಳ್ಕೋತೀನಿ.” ಕೊರತೆಯಿಲ್ಲದ ಹುಡುಗ ಎಂದು ಮೊದಲೇ ಹೇಳಿದೆನಲ್ಲ.

ಅಪ್ಪ ಪೇಪರ್ ಮಡಿಸಿದರು. ಅಮ್ಮನ ಬೆರಳುಗಳು ಕಾಳು ಹಿದುಕುತ್ತಲೇ ಇದ್ದವು.

“ನನ್ನ ಯಾರೂ ಕೇಳೇ ಇಲ್ಲ,” ಎಂದರು ಮುನಿತಾಯಮ್ಮ, ತಲೆಯೆತ್ತದೆ.

“ಏನೇ?” ಎಂದರು ಅಪ್ಪ.

“ನಿಮ್ ಮನೆಯೋರು ನನ್ನ ನೋಡಕ್ಕೆ ಬಂದಾಗ. ನಾನು ಒಳಗೆ ರೊಟ್ಟಿ ತಟ್ತಾ ಇದ್ದೆ. ಹೊರಗೆ ಒಪ್ಪಿಗೆ ಆಯ್ತು ಅಂದ್ರು. ಕೇಳಿದ್ರೆ ಹ್ಞೂಂ ಅಂತಿದ್ದೆ, ಅದು ಬೇರೆ. ಆದ್ರೂ ಕೇಳ್ಬೇಕಿತ್ತು.”

ನರಸಿಂಹಯ್ಯನವರು ಹೆಂಡತಿಯನ್ನು ನೋಡಿದರು. ಒಟ್ಟಿಗೆ ಬಾಳಿ ಕೂದಲು ಬೆಳ್ಳಗಾಗುವವರೆಗೂ ಈ ಮಾತು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಕನ್ನಡಕ ತೆಗೆದರು, ಪಂಚೆಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು.

“ಮುನಿತಾಯಿ,” ಎಂದರು. ಮಗಳಿದ್ದಾಳೆಂಬ ನಾಚಿಕೆಯಲ್ಲಿ ದನಿ ತಗ್ಗಿಸಿ, “ನಾನು ನಿಂಗೆ ಒಪ್ಪಿಗೆನಾ?”

ಅಮ್ಮನ ಮುಖಕ್ಕೆ ರಕ್ತ ನುಗ್ಗಿತು. ಸಿಪ್ಪೆಯ ಮೊರವನ್ನು ಪಕ್ಕಕ್ಕೆ ತಳ್ಳಿದರು.

“ಈಗ್ಲೇ ಹೇಳಕ್ಕಾಗಲ್ಲ,” ಎಂದರು. “ಯೋಚ್ನೆ ಮಾಡ್ಬೇಕು. ಮೊದ್ಲು ಆ ಹುಡುಗನ್ನ ಒಳಗ್ ಕರೀರಿ, ಆಗ್ಲಿಂದ ಬಿಸ್ಲಲ್ಲಿ ನಿಂತವ್ನೆ.”

ಅಪ್ಪ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಕುಣಿಸಿಕೊಂಡು. “ಯಾವೂರೋನಂತೆ?”

“ಆವತಿ. ದ್ರಾಕ್ಷಿ ತೋಟದ ಬೈರಪ್ಪನವರ ಮಗ.”

“ಉಳಿದಿದ್ದು ಅವ್ನೇ ಹೇಳ್ಲಿ. ಕರಿ.”

ಚಂದನ ಗೇಟಿಗೆ ಓಡಿದಳು. ನಂದೀಶ್ ಬೈಕಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದವನು ಬೆಚ್ಚಿಬಿದ್ದ.

“ಏನಂದ್ರು?”

“ಒಳಗ್ ಬನ್ನಿ. ಅಪ್ಪ ಕೇಳ್ತಾರೆ, ನೀವೇ ಹೇಳ್ಬೇಕು. ನಾನು ಪಕ್ಕದಲ್ಲಿರ್ತೀನಿ, ಆದ್ರೆ ಒಂದ್ ಮಾತೂ ಎತ್ಕೊಡಲ್ಲ.”

ಅವನು ಅವಳನ್ನು ನೋಡಿದ, ಬಾಗಿಲನ್ನು ನೋಡಿದ, ಅಂಗಿಯ ಸುಕ್ಕಾದ ತೋಳನ್ನು ಎಳೆದು ನೆಟ್ಟಗೆ ಮಾಡಿಕೊಂಡ. ಅವಳು ಮುಂದೆ ಹೋಗಿ ಹೊಸ್ತಿಲ ಬಳಿ ನಿಂತು ತಿರುಗುವಷ್ಟರಲ್ಲಿ, ಚಪ್ಪಲಿ ಇನ್ನೂ ಕಾಲಲ್ಲೇ ಇರುವಾಗಲೇ, ಅವನು ಮಾತು ಶುರುಮಾಡಿಬಿಟ್ಟಿದ್ದ.